ನಾನು ತಪ್ಪಾಗಿ ಹೇಳಿದ ಕೀರ್ತನೆ

೨೦೧೭ನೇ ಇಸವಿಯ ಜನವರಿಯಲ್ಲಿ ನಾನು ಮುಳ್ಳನ್‌ಕೊಲ್ಲಿಯ ಒಂದು ಮನೆಗೆ ಹೋಮ್ ನರ್ಸ್ ಆಗಿ ಸೇರಿದೆ. ದೊಡ್ಡ ಪ್ರಳಯ ಬಂತಲ್ಲ, ಅದರ ಹಿಂದಿನ ವರ್ಷ. ಹೋಮ್ ನರ್ಸ್ ಅಂದರೆ ಆಸ್ಪತ್ರೆಯ ನರ್ಸ್ ಅಲ್ಲ ಮಕ್ಕಳೇ. ಇಂಜೆಕ್ಷನ್ ಕೊಡುವ ಅಧಿಕಾರ ನಮಗಿಲ್ಲ. ಹಾಸಿಗೆ ಹಿಡಿದವರ ಮನೆಯಲ್ಲೇ ಉಳಿದು ಮೈ ಒರೆಸುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು ನಮ್ಮ ಕೆಲಸ. ತಿರುಗಿಸದಿದ್ದರೆ ಬೆನ್ನಿನಲ್ಲೂ ಸೊಂಟದಲ್ಲೂ ಚರ್ಮ ಕಿತ್ತು ಹುಣ್ಣಾಗುತ್ತದೆ. ಅದಕ್ಕೆ ಬೆಡ್‌ಸೋರ್ ಅನ್ನುತ್ತಾರೆ. ನನ್ನ ಕೈಯಲ್ಲಿ ಮಲಗಿದ ಯಾರಿಗೂ ಬೆಡ್‌ಸೋರ್ ಆಗಲಿಲ್ಲ. ನಾನು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದದ್ದು ಅದೊಂದೇ. ಈಗ ಬರೆಯುತ್ತಿರುವುದು ಹೆಮ್ಮೆಯ ವಿಷಯವಲ್ಲ.

ಹೋದ ಭಾನುವಾರ ಪ್ರಾರ್ಥನಾ ಕೂಟದಿಂದ ಬರುವಾಗ ರೂತ್ ಕೇಳಿದಳು: "ಅಜ್ಜೀ, ಎಲ್ಲರೂ ಒಂದೊಂದು ವಚನ ಹೇಳ್ತಾರೆ, ನಿನ್ನ ಸರದಿ ಬಂದಾಗ ಮಾತ್ರ ಯಾಕೆ ಕೆಮ್ಮು ಬರುತ್ತೆ?" ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಬಾಯಿಬಿಟ್ಟು ಹೇಳಲು ನಾಚಿಕೆಯಾಗುವ ಉತ್ತರವನ್ನು ಬರೆದು ಕೊಡೋಣ ಅನ್ನಿಸಿತು. ನಿಮಗೆ ಕನ್ನಡ ಅಕ್ಷರ ಕಲಿಸಿದವಳು ನಾನೇ. ಅದು ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.

ನಾನು ಹುಟ್ಟಿದ್ದು ಕಬಿನಿ ಹೊಳೆಯ ಆಚೆ ದಡದಲ್ಲಿ, ಬೈರಕುಪ್ಪೆಯ ಕಡೆ. ಅಲ್ಲಿನ ಕನ್ನಡ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದೆ. ಮದುವೆಯಾಗಿ ದೋಣಿ ಹತ್ತಿ ಈ ದಡಕ್ಕೆ ಬಂದೆ. ಹೊಳೆಯ ಅಗಲವೇನೂ ಹೆಚ್ಚಿಲ್ಲ, ಗಟ್ಟಿಯಾಗಿ ಕೂಗಿದರೆ ಆಚೆಗೆ ಕೇಳುತ್ತದೆ. ಆದರೆ ದೋಣಿ ಇಳಿದರೆ ಬೋರ್ಡುಗಳೆಲ್ಲ ಮಲಯಾಳ. ಆ ಭಾಷೆ ನನ್ನ ಕಿವಿಗೆ ಬೇಗ ಬಂತು, ನಾಲಗೆಗೆ ನಿಧಾನವಾಗಿ ಬಂತು, ಕಣ್ಣಿಗೆ ಇವತ್ತಿನವರೆಗೂ ಸರಿಯಾಗಿ ಬಂದಿಲ್ಲ. ನಿಮ್ಮ ತಾತ ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ತೀರಿಕೊಂಡ ಮೇಲೆ ಪಂಚಾಯತಿಯಲ್ಲಿ ಪ್ಯಾಲಿಯೇಟಿವ್ ತರಬೇತಿ ತೆಗೆದುಕೊಂಡೆ. ಗುಣವಾಗದವರ ನೋವನ್ನಾದರೂ ಕಡಿಮೆ ಮಾಡುವ ಆರೈಕೆಗೆ ಆ ಹೆಸರು. ಆ ಕೆಲಸಕ್ಕೆ ಹೆಚ್ಚು ಮಾತು ಬೇಕಾಗುವುದಿಲ್ಲವೆಂದು ನಾನು ತಿಳಿದಿದ್ದೆ.

ನಾನು ನೋಡಿಕೊಳ್ಳಬೇಕಾಗಿದ್ದವರು ಏಲಿಯಮ್ಮ ಎಂಬ ಮಲಯಾಳಿ ಕ್ರೈಸ್ತ ಹೆಂಗಸು. ಎಂಬತ್ತು ದಾಟಿತ್ತು. ಎಲ್ಲರೂ ಅಮ್ಮಚ್ಚಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅಂಗಳದಲ್ಲಿ ಮೆಣಸು ಹರಡುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಎದೆ ದುರ್ಬಲವಾಗಿರುವುದರಿಂದ ಆಪರೇಷನ್ ಬೇಡ, ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳುಹಿಸಿದ್ದರು. ವಾಟರ್ ಬೆಡ್ ಹಾಸಿ, ಮೂತ್ರಕ್ಕೆ ಟ್ಯೂಬು ಹಾಕಿ, ಅದರ ಚೀಲವನ್ನು ಮಂಚದ ಪಕ್ಕಕ್ಕೆ ತೂಗುಹಾಕಿದ್ದರು. ಮನೆಯಲ್ಲಿ ಇದ್ದದ್ದು ಸೊಸೆ ಜೆಸ್ಸಿ ಒಬ್ಬಳೇ. ಜೆಸ್ಸಿಯ ಗಂಡ, ಅಮ್ಮಚ್ಚಿಯ ಮಗ ಸಾಬು, ಹಿಂದಿನ ವರ್ಷ ಹೊಳೆಯಾಚೆಯ ಶುಂಠಿ ಹೊಲದಿಂದ ಬರುವಾಗ ಕಾಡಿನ ರಸ್ತೆಯಲ್ಲಿ ಬೈಕು ಮಗುಚಿ ತೀರಿಕೊಂಡಿದ್ದ.

ಈ ಕಡೆಯವರು ಕರ್ನಾಟಕದಲ್ಲಿ ಹೊಲ ಗುತ್ತಿಗೆಗೆ ಹಿಡಿದು ಶುಂಠಿ ಹಾಕುವುದು ನಿಮಗೆ ಗೊತ್ತೇ ಇದೆ. ಅಮ್ಮಚ್ಚಿಯೂ ಗಂಡನ ಜೊತೆ ಹತ್ತಾರು ವರ್ಷ ಅಲ್ಲಿ ಗುಡಿಸಲು ಹಾಕಿಕೊಂಡು ಆಳುಗಳಿಗೆ ಅಡುಗೆ ಮಾಡಿದ್ದವರು. ಅದರಿಂದ ಅವರಿಗೆ ಒಂದು ಥರದ ಶುಂಠಿ ಹೊಲದ ಕನ್ನಡ ಬರುತ್ತಿತ್ತು. ನಾನು ಹೊಳೆಯಾಚೆಯವಳು ಎಂದು ತಿಳಿದ ದಿನವೇ ಶುರುಮಾಡಿದರು.

"ಕನ್ನಡತ್ತಿಯಾ? ಹಾಗಾದ್ರೆ ಎನಿಕ್ಕು… ನನಗೆ ರಾಗಿಮುದ್ದೆ ತಿನಿಸಬೇಡ, ಕೇಟ್ಟೋ. ಅದು ನುಂಗಿ ನುಂಗಿ ನನ್ನ ಯೌವನ ಹೋಯ್ತು."

"ಇಲ್ಲ ಅಮ್ಮಚ್ಚಿ, ಗಂಜಿಯೇ ಕೊಡ್ತೀನಿ."

"ಸ್ಪೂನ್ ಬೇಡ. ಹಲಸಿನ ಎಲೆ ಮಡಚಿ ಕೊಡು. ಸ್ಟೀಲ್ ಬಾಯಿಗೆ ಇಟ್ರೆ ಆಸ್ಪತ್ರೆ ನೆನಪಾಗ್ತದೆ."

ಹೀಗೆ ತಮಾಷೆ ಮಾಡುವವರು ಮಗನ ಹೆಸರು ಬಂದರೆ ಬಾಗಿಲು ಹಾಕಿದ ಹಾಗೆ ಸುಮ್ಮನಾಗುತ್ತಿದ್ದರು. ನನ್ನನ್ನು ಚೇಚಿ, ಅಂದರೆ ಅಕ್ಕ ಎಂದು ಕರೆಯುತ್ತಿದ್ದ ಜೆಸ್ಸಿ ಅಡುಗೆಮನೆಯಲ್ಲಿ ಹೇಳಿದಳು: "ಚೇಚಿ, ಸಾಬುವನ್ನು ತಂದು ಮಲಗಿಸಿದಾಗಲೂ ಅಮ್ಮಚ್ಚಿ ಅಳಲಿಲ್ಲ. ಇವತ್ತಿನವರೆಗೂ ಒಂದು ಹನಿ ಇಲ್ಲ. ಅವರೇ ಅಳದಿರುವಾಗ ನಾನು ಹೇಗೆ ಅಳಲಿ?" ಅಳುವುದು ದೇವರ ಮೇಲೆ ದೂರು ಹೇಳಿದ ಹಾಗೆ, ವಿಶ್ವಾಸಿ ದೂರಬಾರದು ಎಂದು ಅಮ್ಮಚ್ಚಿಯ ತಾಯಿ ಕಲಿಸಿದ್ದರಂತೆ. ಅಮ್ಮಚ್ಚಿ ಅಳಲಿಲ್ಲ. ಆದರೆ ಪ್ರಾರ್ಥನೆಯನ್ನೂ ಬಿಟ್ಟರು. ಸಂಜೆ ಜೆಸ್ಸಿ ದೀಪ ಹಚ್ಚಿ ಪ್ರಾರ್ಥನೆಗೆ ಕೂತರೆ ಅವರು ಗೋಡೆಯ ಕಡೆ ನೋಡುತ್ತಿದ್ದರು. ಅಚ್ಚನ್, ಅಂದರೆ ಅವರ ಪಾದ್ರಿ, ಕುರ್ಬಾನದ ಪವಿತ್ರ ರೊಟ್ಟಿ ಕೊಡಲು ಮನೆಗೇ ಬಂದಾಗ ಬಾಯಿ ತೆರೆಯಲಿಲ್ಲ. "ಅವನ ಹತ್ತಿರ ನನಗೆ ಮಾತಿಲ್ಲ" ಅಂದರಂತೆ. ಅವನ ಹತ್ತಿರ ಅಂದರೆ ದೇವರ ಹತ್ತಿರ. ಊಟವೂ ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ವಾರಕ್ಕೊಮ್ಮೆ ಬರುತ್ತಿದ್ದ ಪ್ಯಾಲಿಯೇಟಿವ್ ನರ್ಸ್ ನನ್ನನ್ನು ಹೊರಗೆ ಕರೆದು, ಹೆಚ್ಚು ದಿನ ಇಲ್ಲ ಎಂದರು. ಅಮ್ಮಚ್ಚಿ ಹೀಗೇ ಬಾಯಿ ಮುಚ್ಚಿಕೊಂಡೇ ಹೋಗಿಬಿಟ್ಟರೆ ಏನು ಮಾಡುವುದು ಎಂಬುದೇ ಜೆಸ್ಸಿಯ ಹೆದರಿಕೆ. ಅವಳು ಅದನ್ನು ನನ್ನ ಹತ್ತಿರವಲ್ಲದೆ ಬೇರೆ ಯಾರ ಹತ್ತಿರವೂ ಹೇಳಲಿಲ್ಲ.

ಆ ತಿಂಗಳ ಕೊನೆಯ ಭಾನುವಾರ ರಾತ್ರಿ ನೆರೆಹೊರೆಯವರ ಪ್ರಾರ್ಥನಾ ಕೂಟ ಆ ಮನೆಯಲ್ಲಿ ನಡೆಯಿತು. ಹತ್ತಿರದ ಕ್ರೈಸ್ತ ಮನೆಗಳವರು ಸರದಿಯ ಮೇಲೆ ಒಂದೊಂದು ಮನೆಯಲ್ಲಿ ಸೇರಿ ಪ್ರಾರ್ಥಿಸುವ ಪದ್ಧತಿ ಅದು. ಕೊನೆಯಲ್ಲಿ ಪ್ರತಿಯೊಬ್ಬರೂ ಬೈಬಲಿನ ಕೀರ್ತನೆಗಳಿಂದ ಬಾಯಿಪಾಠದ ಒಂದು ವಚನ ಹೇಳಬೇಕು. ಅದು ನಮ್ಮ ಸಭೆಯ ಕೂಟವಲ್ಲ, ನಾನು ಕೆಲಸದವಳು, ನನ್ನನ್ನು ಯಾರೂ ಕೇಳುವುದಿಲ್ಲ ಎಂದು ಅಡುಗೆಮನೆಯಲ್ಲಿ ಕಾಪಿ ಲೋಟ ತೊಳೆಯುತ್ತಾ ನಿಂತಿದ್ದೆ. ಜೆಸ್ಸಿ ಬಂದು ಕೈ ಹಿಡಿದು ಎಳೆದಳು. "ಚೇಚಿಯೂ ದೇವರ ಮಗಳಲ್ಲವಾ? ಬನ್ನಿ, ಕೂತುಕೊಳ್ಳಿ." ಅಮ್ಮಚ್ಚಿಯ ಕೋಣೆಯ ಬಾಗಿಲು ನನ್ನ ಬೆನ್ನಿಗೇ ಇತ್ತು. ಅವರಿಗೂ ಕೇಳಲಿ ಎಂದು ತೆರೆದಿಟ್ಟಿದ್ದರು.

ಒಬ್ಬೊಬ್ಬರೇ ಹೇಳುತ್ತಾ ಬಂದರು. ನನಗೆ ಬಾಯಿಪಾಠ ಬರುತ್ತಿದ್ದುದೆಲ್ಲ ಕನ್ನಡದಲ್ಲಿ, ಅದೂ ನಮ್ಮವ್ವನ ಬಾಯಿಂದ ಕೇಳಿದ್ದು. ಅವ್ವನಿಗೆ ಓದು ಬಾರದು. ಸಭೆಯಲ್ಲಿ ಕೇಳಿದ್ದನ್ನು ತನ್ನ ಮಾತಿನಲ್ಲೇ ಇಟ್ಟುಕೊಂಡಿದ್ದಳು. ಐವತ್ತನೇ ಕೀರ್ತನೆಯಲ್ಲಿ ದೇವರು ಹೇಳುವ ಒಂದು ಮಾತನ್ನು, "ಕಷ್ಟದ ದಿನ ನನ್ನ ಕರೆ, ನಾನು ಬಿಡಿಸ್ತೀನಿ" ಎಂದು ದಿನಾ ಹಾಲು ಕರೆಯುವಾಗ ಹೇಳುತ್ತಿದ್ದಳು. ಅದನ್ನೇ ಮಲಯಾಳ ಮಾಡಿ ಹೇಳೋಣ ಎಂದುಕೊಂಡೆ. ನನ್ನ ಸರದಿ ಬಂತು. ಎಲ್ಲರೂ ನನ್ನನ್ನು ನೋಡಿದರು.

"ಕಷ್ಟದಿವಸತ್ತಿಲ್ ಎನ್ನೋಡು ಕರಯೂ, ಞಾನ್ ನಿನ್ನೆ ವಿಡುವಿಕ್ಕುಂ" ಎಂದೆ.

ಮೊದಲು ಹುಡುಗಿಯರ ಸಾಲಿನಲ್ಲಿ ಒಬ್ಬಳು ಕಿಸಕ್ಕೆಂದಳು. ನಿಮಗೆ ಮಲಯಾಳ ಚೆನ್ನಾಗಿ ಬರುವುದರಿಂದ ನೀವೂ ಈಗ ನಗುತ್ತಿರಬಹುದು. ಕನ್ನಡದಲ್ಲಿ ಕರೆ ಅಂದರೆ ಕೂಗಿ ಕರೆಯುವುದು. ಮಲಯಾಳದಲ್ಲಿ ಕರಯುವುದು ಅಂದರೆ ಅಳುವುದು. ಆ ಪದ ನನಗೆ ಗೊತ್ತಿರಲಿಲ್ಲವೆಂದಲ್ಲ. ಪೇಟೆಯಲ್ಲಿ, ಆಸ್ಪತ್ರೆಯಲ್ಲಿ ನೂರು ಸಲ ಆಡಿದ ಪದ. ಆದರೆ ಆ ಹೊತ್ತಿನಲ್ಲಿ ಅವ್ವನ ಮಾತು ಮುಂದೆ ಬಂದು, ಮಲಯಾಳದ ಬಾಲ ಅಂಟಿಸಿಕೊಂಡು ಹೊರಗೆ ಬಿತ್ತು. 'ಕಷ್ಟದ ದಿನ ನನ್ನ ಮುಂದೆ ಅಳು, ನಾನು ಬಿಡಿಸುತ್ತೇನೆ' ಎಂದು ದೇವರ ಬಾಯಲ್ಲಿ ಹೇಳಿಸಿಬಿಟ್ಟಿದ್ದೆ.

ಕೂಟ ನಡೆಸುತ್ತಿದ್ದ ತೋಮಾಚ್ಚನ್ ಎಂಬ ಹಿರಿಯರು ನನ್ನನ್ನು ಪೆಂಙಳ್, ಅಂದರೆ ಸಹೋದರಿ ಎಂದು ಕರೆದು ಮೆತ್ತಗೇ ತಿದ್ದಿದರು. "ಅದು ವಿಳಿಚ್ಚಪೇಕ್ಷಿಕ್ಕ ಎಂದು, ಪೆಂಙಳೇ. ಕರೆದು ಬೇಡಿಕೋ ಎಂದು. ಅಳು ಅಂತ ದೇವರು ಹೇಳಿಲ್ಲ."

ಹಿಂದಿನಿಂದ ಯಾರೋ ಗಂಡಸರು, "ನಮ್ಮ ಹೆಂಗಸರಿಗೆ ಅಳೋದಕ್ಕೆ ದೇವರ ಅಪ್ಪಣೆ ಯಾಕೆ ತೋಮಾಚ್ಚಾ, ಟೀವಿ ಸೀರಿಯಲ್ ಸಾಕಲ್ಲ!" ಎಂದರು. ಇಡೀ ಕೂಟ ನಕ್ಕಿತು. ಕೆಟ್ಟ ಮನಸ್ಸಿನ ನಗುವಲ್ಲ ಅದು. ಆದರೆ ನನಗೆ ಕಿವಿಯವರೆಗೂ ಬೆಂಕಿ ಹತ್ತಿದಂತಾಯಿತು. ಮುಂದಿನ ಸರದಿಯವರು ಶುರುಮಾಡುವ ಮೊದಲೇ ಎದ್ದು ಹಿತ್ತಲಿಗೆ ಹೋಗಿ, ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ಮರುದಿನ ಬೆಳಿಗ್ಗೆ ಮೈ ಒರೆಸುವಾಗ ಅಮ್ಮಚ್ಚಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಮೋಳೇ," ಎಂದರು, ಮಗಳೇ ಎಂದು. "ನಿನ್ನೆ ನೀನು ಹೇಳಿದ್ದು ಇನ್ನೊಂದು ಸಲ ಹೇಳು."

ತಮಾಷೆಯ ಹೆಂಗಸು. ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. "ನನಗೆ ಮರೆತುಹೋಯ್ತು ಅಮ್ಮಚ್ಚಿ" ಎಂದು ಪೌಡರ್ ಹಾಕತೊಡಗಿದೆ. ಮಧ್ಯಾಹ್ನ ಗಂಜಿ ಕುಡಿಸುವಾಗ ಮತ್ತೆ ಕೇಳಿದರು. ಹಲಸಿನ ಎಲೆಯನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ನಾನು ಕೇಳದವಳ ಹಾಗೆ ಇದ್ದೆ. ಸಂಜೆ ಮೂರನೆಯ ಸಲ ಕೇಳಿದರು. ಆಗ ನನಗೆ ಸಿಟ್ಟೇ ಬಂತು. ಕೆಲಸದವಳು ಅಂದರೆ ಇಷ್ಟೇ ಅಲ್ಲವೇ ಎಂದು.

"ಅಮ್ಮಚ್ಚಿ, ನಾನು ಹೇಳಿದ್ದು ತಪ್ಪು. ತೋಮಾಚ್ಚನ್ ಹೇಳಿದರಲ್ಲ, ಕೇಳಿಸಲಿಲ್ಲವಾ? ಅದು ಅಳೋದಲ್ಲ. ಕರೆಯೋದು."

"ಹಾಗಾದ್ರೆ ಅದು ಪುಸ್ತಕದಲ್ಲಿ ಇಲ್ವಾ?"

"ಇಲ್ಲ."

"ತೀರ್ಚ್ಚೆ ಇಲ್ವಾ?" ಖಂಡಿತ ಇಲ್ಲವಾ ಎಂದು.

"ಖಂಡಿತ ಇಲ್ಲ ಅಮ್ಮಚ್ಚಿ."

ಅವರು, "ಸರಿ" ಎಂದು ಮುಖ ಗೋಡೆಗೆ ತಿರುಗಿಸಿದರು. ಅವತ್ತು ರಾತ್ರಿಯ ಗಂಜಿ ಬೇಡವೆಂದರು. ಮರುದಿನವೂ ಬೇಡವೆಂದರು. ಬಲವಂತ ಮಾಡಿದರೆ ಎರಡು ಎಲೆ ಕುಡಿದು ಸಾಕೆನ್ನುತ್ತಿದ್ದರು. ನನ್ನ ಜೊತೆ ತಮಾಷೆಯೂ ನಿಂತಿತು. ಅವರಿಗೆ ಏನೋ ನೋವು ಹೆಚ್ಚಾಗಿದೆ ಎಂದು ನರ್ಸಿಗೆ ಫೋನ್ ಮಾಡಿಸಿದೆ. ನಾಡಿ ನೋಡಿದೆ, ಟ್ಯೂಬು ನೋಡಿದೆ, ಬೆನ್ನು ನೋಡಿದೆ. ಕಲಿತದ್ದನ್ನೆಲ್ಲ ನೋಡಿದೆ. ಅವರು ಮೂರು ಸಲ ಕೇಳಿದ್ದು ಏನನ್ನು ಎಂದು ಮಾತ್ರ ಯೋಚಿಸಲಿಲ್ಲ. ನನ್ನ ಅವಮಾನ ಅಷ್ಟು ದೊಡ್ಡದಾಗಿ ಮುಂದೆ ನಿಂತಿತ್ತು, ಅದರ ಹಿಂದೆ ಮಲಗಿದ್ದವರು ಕಾಣಲಿಲ್ಲ.

ಹೀಗೆ ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಮಗ್ಗುಲು ತಿರುಗಿಸುವ ಹೊತ್ತಾಗಿತ್ತು. ಜೆಸ್ಸಿ ಹೊರಗೆ ಅಂಗಳದಲ್ಲಿ ಮೆಣಸು ಕೆದಕುತ್ತಿದ್ದಳು. ನಾನು ಅಮ್ಮಚ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಬೆನ್ನಿಗೆ ದಿಂಬು ಕೊಡುತ್ತಿದ್ದೆ. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಆಗ ಬಹಳ ಸಣ್ಣ ದನಿಯಲ್ಲಿ, ತಮ್ಮ ಶುಂಠಿ ಹೊಲದ ಕನ್ನಡದಲ್ಲಿ ಕೇಳಿದರು:

"ಮೋಳೇ, ನಾನು ಕರೀಲಾ?"

ಯಾರನ್ನೋ ಕರೆಯಬೇಕಂತೆ ಎಂದುಕೊಂಡೆ. ಜೆಸ್ಸಿಯನ್ನೋ, ಅಚ್ಚನ್ನನ್ನೋ. "ಕರೀರಿ ಅಮ್ಮಚ್ಚಿ" ಎಂದೆ. "ಅದಕ್ಕೆ ನನ್ನ ಯಾಕೆ ಕೇಳ್ತೀರಿ? ಎಷ್ಟು ಬೇಕಾದ್ರೂ ಕರೀರಿ. ನಾನಿಲ್ಲೇ ಇದೀನಿ."

ಒಂದು ಕೈಯಿಂದ ಅವರ ಬೆನ್ನು ತಡೆದು, ಇನ್ನೊಂದರಲ್ಲಿ ದಿಂಬು ಎತ್ತಿಕೊಂಡೆ. ಆಮೇಲೆ ನನ್ನ ಅಂಗೈ ಕೆಳಗೆ ಅವರ ಬೆನ್ನು ನಡುಗಿತು. ಫಿಟ್ಸ್ ಬಂತು ಎಂದು ಹೆದರಿ ಬಗ್ಗಿ ನೋಡಿದರೆ ಅಮ್ಮಚ್ಚಿ ಅಳುತ್ತಿದ್ದರು. ಮೊದಲು ಸದ್ದಿಲ್ಲದೆ, ಆಮೇಲೆ ಹಸು ಕರುವನ್ನು ಕರೆಯುವ ಹಾಗೆ ಒಂದು ದನಿ ಬಂತು. "ಎಂಡೆ ಮೋನೇ… ಎಂಡೆ ದೈವಮೇ, ನನ್ನ ಸಾಬುವನ್ನು ಯಾಕೆ…" ಅಂಗಳದಿಂದ ಜೆಸ್ಸಿ ಓಡಿಬಂದಳು. ಅತ್ತೆಯ ಮುಖ ನೋಡಿದವಳೇ ಮಂಚದ ಮೇಲೆ ಬಿದ್ದು ತಾನೂ ಗಟ್ಟಿಯಾಗಿ ಅತ್ತಳು. ಅವಳ ಕೈಯ ಮೆಣಸಿನ ಧೂಳು ಹಾಸಿಗೆಯ ಮೇಲೆಲ್ಲ ಉದುರಿತು. ನಾನು ದಿಂಬು ಹಿಡಿದುಕೊಂಡು ನಿಂತೇ ಇದ್ದೆ. ಅಮ್ಮಚ್ಚಿ ಕೇಳಿದ್ದು ಏನೆಂದು ಆಗ ಹೊಳೆಯಿತು. ನಾನು ಕನ್ನಡದ ಮಾತಿಗೆ ಮಲಯಾಳದ ಬಾಲ ಅಂಟಿಸಿದ್ದೆ. ಅವರು ಮಲಯಾಳದ ಮಾತಿಗೆ ಕನ್ನಡದ ಬಾಲ ಅಂಟಿಸಿದ್ದರು. 'ನಾನು ಅಳಲಾ?' ಎಂದು ಅಪ್ಪಣೆ ಕೇಳಿದ್ದರು. ಬೇಡಿ ಕೇಳಿದಾಗ ನಾನು ಕೊಡದಿದ್ದ ಅಪ್ಪಣೆ, ಗೊತ್ತಿಲ್ಲದೆ ನನ್ನ ಬಾಯಿಂದ ಬಿದ್ದುಹೋಯಿತು.

ಅವತ್ತು ಸಂಜೆ ಅಮ್ಮಚ್ಚಿ ಗಂಜಿ ಕುಡಿದರು. ನಾನು ತಲೆ ಎತ್ತಲಾರದೆ ಎಲೆ ಮಡಚುತ್ತಿದ್ದೆ. ಅವರೇ ಮಾತು ತೆಗೆದರು.

"ಆ ರಾತ್ರಿ ನೀನು ಹೇಳಿದಾಗ, ಇಷ್ಟು ವರ್ಷ ಈ ವಚನ ಎಲ್ಲಿತ್ತು, ಯಾವ ಅಚ್ಚನ್ನೂ ಯಾಕೆ ಹೇಳಲಿಲ್ಲ ಅಂತ ಅನಿಸ್ತು. ಆಮೇಲೆ ಅದು ಇಲ್ಲ ಅಂದವಳೂ ನೀನೇ."

"ನೀವು ನನ್ನ ಆಡಿಕೊಳ್ತಿದೀರಿ ಅಂದುಕೊಂಡೆ ಅಮ್ಮಚ್ಚಿ."

"ಪೊಟ್ಟಿ" ಎಂದರು. ದಡ್ಡಿ ಎಂದು. "ಸಾಯೋ ಮುದುಕಿಗೆ ಅದೇ ಕೆಲಸವಾ?"

ಆ ರಾತ್ರಿ ನಾನು ನನ್ನ ಕನ್ನಡ ಬೈಬಲ್ ತೆಗೆದು ಕೀರ್ತನೆಗಳನ್ನು ಮೊದಲಿನಿಂದ ಓದತೊಡಗಿದೆ. ಅಳು ಅಲ್ಲಿ ನಿಜವಾಗಿಯೂ ಇಲ್ಲವೇ ಎಂದು ನೋಡಬೇಕಿತ್ತು. ದೂರ ಹೋಗಬೇಕಾಗಲಿಲ್ಲ. ಆರನೆಯ ಕೀರ್ತನೆಯಲ್ಲೇ ಒಬ್ಬ ಭಕ್ತ ರಾತ್ರಿಯೆಲ್ಲ ಅತ್ತು ಹಾಸಿಗೆಯನ್ನು ತೋಯಿಸುತ್ತಾನೆ. ನಲವತ್ತೆರಡರಲ್ಲಿ ಕಣ್ಣೀರೇ ಊಟವಾಗಿದೆ. ಎಂಬತ್ತೆಂಟನೆಯದು ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. 'ಯಾಕೆ ದೂರ ನಿಂತಿದ್ದೀ, ಎಷ್ಟು ದಿನ ಮರೆತಿರುತ್ತೀ' ಎಂದು ದೇವರನ್ನೇ ಕೇಳುವವರು ಎಷ್ಟೊಂದು ಜನ! ಇವರೆಲ್ಲ ಅವಿಶ್ವಾಸಿಗಳಲ್ಲ. ಇವರ ಮಾತನ್ನೇ ನಾವು ದೇವರ ವಾಕ್ಯ ಎಂದು ಓದುತ್ತೇವೆ. ದೂರಿದವನು ಎದ್ದು ಹೋಗಿಬಿಡಲಿಲ್ಲ. ದೂರನ್ನೂ ದೇವರ ಹತ್ತಿರವೇ ತಂದ. ಅದು ಬೆನ್ನು ತಿರುಗಿಸುವುದಲ್ಲ. ಗೋಡೆಯ ಕಡೆ ನೋಡಿಕೊಂಡು ಸುಮ್ಮನಿರುವುದಕ್ಕಿಂತ ಅದು ಎಷ್ಟೋ ಹತ್ತಿರ.

ಇಷ್ಟು ವರ್ಷ ನಾನು ಆ ಪುಟಗಳನ್ನು ದಾಟಿ, ಕುರುಬ, ಹಸುರುಗಾವಲು, ಬೆಟ್ಟ, ಬಂಡೆ ಇರುವ ಕೀರ್ತನೆಗಳನ್ನಷ್ಟೇ ಓದುತ್ತಿದ್ದೆ. ನಿಮ್ಮ ತಾತ ಹೋದಾಗ ನಮ್ಮ ಸಭೆಯ ಹೆಂಗಸೊಬ್ಬರು "ನಿರೀಕ್ಷೆ ಇಲ್ಲದವರ ಹಾಗೆ ಅಳಬೇಡ" ಎಂದಿದ್ದರು. ಅದಕ್ಕೆ ನಾನು ಬಚ್ಚಲಲ್ಲಿ ಬಕೆಟ್ಟಿಗೆ ನಲ್ಲಿ ಬಿಟ್ಟುಕೊಂಡು, ಆ ಸದ್ದಿನಲ್ಲಿ ಅಳುತ್ತಿದ್ದೆ. ದೇವರಿಗೂ ಕೇಳಿಸಬಾರದು ಎಂಬಂತೆ. ಅಮ್ಮಚ್ಚಿಗೆ ಖಂಡಿತ ಇಲ್ಲ ಎಂದವಳು ನಾನೇ ಅದನ್ನು ಎಂದೂ ಹುಡುಕಿ ನೋಡಿದವಳಲ್ಲ.

ಆಮೇಲಿನ ದಿನಗಳಲ್ಲಿ ನಾನು ಕನ್ನಡದಲ್ಲಿ ಓದಿ ಅರ್ಥ ಹೇಳುತ್ತಿದ್ದೆ, ಜೆಸ್ಸಿ ಮಲಯಾಳದಲ್ಲಿ ಓದುತ್ತಿದ್ದಳು. ಐವತ್ತಾರನೇ ಕೀರ್ತನೆಯಲ್ಲಿ ದೇವರು ನಮ್ಮ ಕಣ್ಣೀರನ್ನು ಬುದ್ದಲಿಯಲ್ಲಿ ತುಂಬಿಡುವ ಮಾತು ಬರುತ್ತದೆ. ಬುದ್ದಲಿ ಅಂದರೆ ತೊಗಲಿನ ಚೀಲ ಎಂದು ವಿವರಿಸಿದೆ. ಅಮ್ಮಚ್ಚಿ ಮಂಚದ ಪಕ್ಕದಲ್ಲಿ ತೂಗುತ್ತಿದ್ದ ಮೂತ್ರದ ಚೀಲ ನೋಡಿದರು.

"ಹಾಗಾದ್ರೆ ಆಳು ಇಬ್ಬರು. ಒಂದು ಚೀಲ ನಿನಗೆ, ಒಂದು ಚೀಲ ಅವನಿಗೆ. ನಿನ್ನದೇ ಬೇಗ ತುಂಬೋದು!"

ಮೂವರೂ ನಕ್ಕೆವು. ಅಚ್ಚನ್ ಮತ್ತೆ ಬಂದಾಗ ಅಮ್ಮಚ್ಚಿ ಕುರ್ಬಾನಕ್ಕೆ ಬಾಯಿ ತೆರೆದರು. ಮೆಣಸಿನ ಕೊಯ್ಲು ಮುಗಿಯುವ ಮೊದಲೇ ಒಂದು ಬೆಳಗಿನಲ್ಲಿ, ಜೆಸ್ಸಿಯ ಕೈ ಹಿಡಿದುಕೊಂಡೇ ಹೋದರು. ಬೆನ್ನಿನಲ್ಲಿ ಒಂದು ಗುರುತೂ ಇರಲಿಲ್ಲ. ಆದರೆ ನಾನು ಇಲ್ಲವೆಂದ ಸಂಜೆಯಿಂದ ಅವರು ಅತ್ತ ಮಧ್ಯಾಹ್ನದವರೆಗಿನ ಆ ದಿನಗಳನ್ನು ಅವರು ಒಬ್ಬರೇ ಮಲಗಿ ಕಳೆದರು. ಅವರಿಗೆ ಉಳಿದಿದ್ದದ್ದೇ ಕೆಲವು ದಿನ.

ನಲವತ್ತನೆಯ ದಿನದ ಪ್ರಾರ್ಥನೆಗೆ ಜೆಸ್ಸಿ ನನ್ನನ್ನು ಕರೆಸಿದಳು. ಅದೇ ಹಜಾರ, ಅದೇ ಜನ. ವಚನದ ಸರದಿ ಸುತ್ತಿ ನನ್ನ ಹತ್ತಿರ ಬಂತು. ಜೆಸ್ಸಿ ನನ್ನನ್ನೇ ನೋಡುತ್ತಿದ್ದಳು. ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಮನೆಯಿಂದ ಹೊರಡುವಾಗಲೇ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಬಾಯಿ ತೆರೆದೆ. ಹುಡುಗಿಯರ ಸಾಲು ಕಣ್ಣಿಗೆ ಬಿತ್ತು.

"…ಎನ್ನೆ ವಿಳಿಚ್ಚಪೇಕ್ಷಿಕ್ಕ" ಎಂದೆ, ಕರೆದು ಬೇಡಿಕೋ ಎಂದು. ಒಂದಕ್ಷರವೂ ತಪ್ಪಲಿಲ್ಲ. ತೋಮಾಚ್ಚನ್ ತಲೆದೂಗಿದರು. ಜೆಸ್ಸಿ ಕಣ್ಣು ಕೆಳಗೆ ಮಾಡಿದಳು.

ಎಲ್ಲರೂ ಊಟ ಮಾಡಿ ಹೋದ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಅವಳ ಹತ್ತಿರ ಹೋಗಿ, ಅವಳಿಗೆ ಮಾತ್ರ ಕೇಳುವಂತೆ, ಅಮ್ಮಚ್ಚಿಯ ವಚನವನ್ನು ಹೇಳಿದೆ. ಎನ್ನೋಡು ಕರಯೂ. ಅವಳು ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದಳು. ನನ್ನ ಧೈರ್ಯ ಅಷ್ಟೇ ಮಕ್ಕಳೇ, ಅಡುಗೆಮನೆಯವರೆಗೆ ಮಾತ್ರ. ಅದಕ್ಕೇ ಇವತ್ತಿಗೂ ನನ್ನ ಸರದಿ ಬಂದಾಗ ಕೆಮ್ಮು ಬರುತ್ತದೆ.

ಈ ಕೆಲಸ ನನಗೆ ಕಲಿಸಿದ್ದು ಒಂದು ಮಾತು. ಹಾಸಿಗೆಯಲ್ಲಿರುವವರು ಒಂದೇ ಸಂಗತಿಯನ್ನು ಎರಡನೇ ಸಲ ಕೇಳಿದರೆ, ನಿಮ್ಮ ಮಾನ ಅವಮಾನವನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬಂದು ಕೇಳಿಸಿಕೊಳ್ಳಿ. ಮೂರನೇ ಸಲ ಕೇಳುವಷ್ಟು ಉಸಿರು ಎಲ್ಲರಿಗೂ ಇರುವುದಿಲ್ಲ. ಇನ್ನು ಆ ವಚನ. ಕಾಗದ ನಗುವುದಿಲ್ಲವಾದ್ದರಿಂದ ಇಲ್ಲಿ ಗಟ್ಟಿಯಾಗಿಯೇ ಬರೆಯುತ್ತೇನೆ. ನಿಮಗೂ ಒಂದು ದಿನ ಕಷ್ಟ ಬರುತ್ತದೆ. ಆಗ ನಾನಿರುವುದಿಲ್ಲ. ಕಷ್ಟದ ದಿನ ಕರೆಯಿರಿ. ಅದನ್ನು ಕನ್ನಡದಲ್ಲಿ ಓದಿಕೊಂಡರೂ ಸರಿ, ಮಲಯಾಳದಲ್ಲಿ ಓದಿಕೊಂಡರೂ ಸರಿ.